ಚಿಕಿತ್ಸೆಗೆ ಹೊರಟವಳಲ್ಲ

ತಾಯಲೂರು

ಪಾಸ್‌ಪೋರ್ಟ್ ಅಧಿಕಾರಿಗಳೇ,

ಸಿಂಕ್ರೊಟ್ರಾನ್ ಎಂಬ ದೊಡ್ಡ ಯಂತ್ರದ ಎಕ್ಸ್-ಕಿರಣಗಳಲ್ಲಿ ಅಲೆಗಳು ಎಷ್ಟು ದೂರ ಒಂದೇ ಲಯದಲ್ಲಿ ಸಾಗುತ್ತವೆಂದು ಅಳೆಯಲು ನನ್ನ ಮಗಳು ನಿಖತ್ ಫ್ರಾನ್ಸಿಗೆ ಹೋಗಬೇಕಿತ್ತು. ವಿಚಾರಣೆಗೆ ಬಂದ ಪೇದೆ, "ಎಕ್ಸ್‌ರೇ ತೆಗ್ಸೋಕೆ ಅಷ್ಟು ದೂರ ಯಾಕ್ ಸಾಬ್ರೇ? ಕೋಲಾರದಲ್ಲೇ ತೆಗೀತಾರಲ್ಲ!" ಎಂದು ನಕ್ಕರು. ನಾನು ವಿವರಿಸಿದೆ. ಆದರೂ ಅವರು "ಚಿಕಿತ್ಸೆಗಾಗಿ ಪ್ರಯಾಣ" ಎಂದು ಬರೆದರು. ನೀವು ವೈದ್ಯರ ಪತ್ರ ಕೇಳಿ ಅರ್ಜಿ ತಡೆದಿರಿ. ಹಿಂದೆ ಹಜ್‌ಗೆ ಹೊರಟಿದ್ದ ನನ್ನ ತಾಯಿಯ ಅರ್ಜಿಯೂ ನಿಮ್ಮಲ್ಲೇ ಉಳಿದಿತ್ತು. ಅವರು ಹೋಗಲೇ ಇಲ್ಲ.

ಆ ಯಂತ್ರದಲ್ಲಿ ನಿಖತ್‌ಗೆ ಸಿಕ್ಕಿದ್ದ ಸರದಿ ನಿನ್ನೆ ಮುಗಿಯಿತು. ಇನ್ನು ಪಾಸ್‌ಪೋರ್ಟ್ ಬೇಡ. "ಚಿಕಿತ್ಸೆ" ಎಂಬ ಪದವನ್ನಾದರೂ ಹೊಡೆದುಹಾಕಿ. ಅವಳಿಗೆ ಯಾವ ಕಾಯಿಲೆಯೂ ಇಲ್ಲ. ಊಟ ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆ, ಅಷ್ಟೇ.

ಇತಿ,
ಲಿಯಾಖತ್