ಹದಿನಾಲ್ಕನೆಯ ಪ್ರಶ್ನೆಯ ಹೀಬ್ರೂ

ರಾಮತ್ ಗನ್,
೧೧ ಜೂನ್ ೧೯೯೭

ಪ್ರೀತಿಯ ತಮ್ಮ ಎಜ್ರಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಟೊರಾಂಟೊದ ಚಳಿ ಮುಗಿದಿರಬೇಕು, ಇನ್ನಾದರೂ ಸ್ವಲ್ಪ ನಡೆದಾಡು. ಇಲ್ಲಿ ಅಮ್ಮನ ಕೈ ನಡುಕ ಹಾಗೇ ಇದೆ. ಚೆಲ್ಲದಿರಲಿ ಎಂದು ಚಹಾವನ್ನು ಅರ್ಧ ಲೋಟ ಮಾತ್ರ ಕೊಡುತ್ತೇನೆ. ಜಿಪುಣಿ ಎಂದು ದಿನಾ ಬೈಸಿಕೊಳ್ಳುತ್ತೇನೆ. ಫೋನಿನಲ್ಲಿ ನೀನು ಎಲ್ಲ ಸರಿಯಿದೆಯಾ ಎಂದು ಕೇಳುತ್ತೀಯ, ನಾನು ಸರಿಯಿದೆ ಎನ್ನುತ್ತೇನೆ. ಮೂರು ವರ್ಷದಿಂದ ನಮ್ಮಿಬ್ಬರ ಮಾತು ಅಷ್ಟರಲ್ಲೇ ಮುಗಿಯುತ್ತಿದೆ.

ಈಗ ನನ್ನ ತಲೆ ತಿನ್ನುತ್ತಿರುವ ವಿಷಯ ಕೇಳು. ದಾದಿಯರ ಕಾಲೇಜಿನವರು ಇಂಗ್ಲಿಷಿನ ಒಂದು ಪ್ರಶ್ನಾವಳಿಯನ್ನು ಹೀಬ್ರೂಗೆ ಅನುವಾದಿಸಲು ಕೊಟ್ಟಿದ್ದಾರೆ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರು ಅದನ್ನು ತುಂಬಬೇಕು. ಎಲ್ಲ ಸಲೀಸಾಗಿ ಬಂತು, ಹದಿನಾಲ್ಕನೆಯ ಪ್ರಶ್ನೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಅದರಲ್ಲಿ ‘ಕೇರ್‌ಗಿವರ್ ಬರ್ಡನ್’ ಎಂಬ ಪಂಡಿತರ ಮಾತೊಂದಿದೆ: ನೋಡಿಕೊಳ್ಳುವವರ ಮೇಲೆ ಬೀಳುವ ಹೊರೆ. ಅದು ಎಷ್ಟು ಸಲ ಅನಿಸುತ್ತದೆ ಎಂದು ಕೇಳುತ್ತಾರೆ. ಇಂಗ್ಲಿಷಿನಲ್ಲಿ ಎಷ್ಟು ತಣ್ಣಗಿದೆ ನೋಡು, ಯಾರೂ ಯಾರನ್ನೂ ದೂರುತ್ತಿಲ್ಲ. ಹೀಬ್ರೂದಲ್ಲಿ ಬರೆದ ತಕ್ಷಣ ಮನೆಯೊಳಗೆ ಯಾರೋ ಯಾರನ್ನೋ ಬೈದ ಹಾಗಾಗುತ್ತದೆ. ಯಾಕೆ ಹೀಗೆ ಎಂದು ನನಗಿನ್ನೂ ಕುತೂಹಲ.

ನಮ್ಮ ಕೆಲಸದ ಪದ್ಧತಿ ನಿನಗೆ ಗೊತ್ತಿಲ್ಲ. ನಾನು ಮಾಡಿದ ಹೀಬ್ರೂವನ್ನು, ಮೂಲ ನೋಡಿರದ ಇನ್ನೊಬ್ಬರು ಮತ್ತೆ ಇಂಗ್ಲಿಷ್ ಮಾಡಬೇಕು. ಎರಡೂ ಇಂಗ್ಲಿಷ್ ಹೊಂದಿದರೆ ಪಾಸು. ಆ ಇನ್ನೊಬ್ಬರು ಹೈಫಾದ ನಿವೃತ್ತ ಮೇಷ್ಟ್ರು ಪೆರ್ಲ್‌ಮುಟರ್. ಮೊದಲು ‘ನೆಟೆಲ್’ ಎಂದು ಬರೆದೆ, ಸೈನ್ಯ ಮತ್ತು ತೆರಿಗೆಯ ಬಗ್ಗೆ ಮಂತ್ರಿಗಳು ಬಳಸುತ್ತಾರಲ್ಲ, ಆ ಪದ. ಮೇಷ್ಟ್ರು ‘ನಾಗರಿಕರ ಕರ್ತವ್ಯ’ ಎಂದು ತಿರುಗಿಸಿ ಕಳಿಸಿದರು. ಆಮೇಲೆ ‘ಓಲ್’ ಎಂದೆ, ಅಂದರೆ ನೊಗ. ಅಂಚಿನಲ್ಲಿ ಟಿಪ್ಪಣಿ ಬಂತು: “ಇದರಲ್ಲಿ ಎತ್ತು ಯಾರಮ್ಮಾ?” ನಕ್ಕು ನಕ್ಕು ಸುಸ್ತಾದೆ. ಕೊನೆಗೆ ದೊಡ್ಡ ಪದಗಳನ್ನೆಲ್ಲ ಬಿಟ್ಟು, ನಿಮ್ಮವರನ್ನು ನೋಡಿಕೊಳ್ಳುವುದು ಭಾರ ಎಂದು ಎಷ್ಟು ಸಲ ಅನಿಸುತ್ತದೆ ಎಂದು ನೇರವಾಗಿ ಕೇಳಿದೆ. ಮೇಷ್ಟ್ರು ಪಾಸು ಮಾಡಿದರು.

ಇನ್ನೊಂದು ಹಂತ ಉಳಿದಿತ್ತು. ಏನೂ ಗೊತ್ತಿಲ್ಲದ ಹತ್ತು ಜನಕ್ಕೆ ಪ್ರಶ್ನೆ ಓದಿ, ಅರ್ಥವಾದದ್ದನ್ನು ಅವರ ಮಾತಿನಲ್ಲೇ ಹೇಳಿಸಬೇಕು. ಕಾಯಿಲೆಯವರಿಗೆ ಮಾತ್ರ ಓದಬಾರದು ಎಂಬುದು ನಿಯಮ. ಒಂಬತ್ತು ಜನ ಸಿಕ್ಕರು. ಮೇಜಿನ ಆಚೆ ಕೂತು ಎಲ್ಲ ಕೇಳಿಸಿಕೊಂಡಿದ್ದ ಅಮ್ಮ, ಹತ್ತನೆಯವಳು ತಾನೇ ಎಂದು ಹಟ ಹಿಡಿದಳು. ಓದಿದೆ. ಓದುವಾಗ ನಾಚಿಕೆಯಿಂದ ನನ್ನ ಧ್ವನಿ ಇಳಿದುಹೋಯಿತು. ಅವಳಿಗೆ ಸ್ವಲ್ಪವೂ ಬೇಸರವಿಲ್ಲ. “ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ? ನೀನು ಸಮುದ್ರದಲ್ಲಿ ಈಜಿ ಎಷ್ಟು ದಿನ ಆಯ್ತು ಅಂತ ಕೇಳ್ತಿದಾರೆ,” ಎಂದಳು. ಅವಳಿಗೆ ಕಾಯಿಲೆಯಾದ ಮೇಲೆ ನಾನು ಸಮುದ್ರಕ್ಕೆ ಇಳಿದದ್ದೇ ಇಲ್ಲ. ಬಾಗ್ದಾದಿನಿಂದ ತಂದ ಅವಳ ಆ ಮಾತು ನಿನಗೆ ಗೊತ್ತಲ್ಲ, ನಿನ್ನ ಕಷ್ಟ ನನಗಿರಲಿ ಅನ್ನುವುದು, ಅದನ್ನೂ ಸೇರಿಸಿದಳು. ಒಂಬತ್ತು ಜನರ ಉತ್ತರ ಅಚ್ಚುಕಟ್ಟಾಗಿ ಬರೆದುಕೊಂಡಿದ್ದೆ. ಇದನ್ನು ಬರೆದುಕೊಳ್ಳಲು ಕೈ ಬರಲಿಲ್ಲ.

ಲೋರ್ನಾಗೆ ನನ್ನ ನೆನಪು ಹೇಳು, ಮಕ್ಕಳ ಹಣೆಗೆ ನನ್ನ ಹೆಸರಿನಲ್ಲಿ ಮುತ್ತು ಕೊಡು. ಅಮ್ಮನ ಆಶೀರ್ವಾದ ಯಾವಾಗಿನಂತೆ ನನಗಿಂತ ನಿನಗೇ ಒಂದು ಹಿಡಿ ಜಾಸ್ತಿ.

ನಿನ್ನ ಅಕ್ಕ,
ರುಹಾಮಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ನೋಡುತ್ತೇನೆ, ಹದಿನಾಲ್ಕನೆಯ ಪ್ರಶ್ನೆಗೆ ನನ್ನ ಮಟ್ಟಿಗೆ ನಾನು ‘ಎಂದೂ ಇಲ್ಲ’ ಎಂದು ಗುರುತು ಹಾಕಿಟ್ಟಿದ್ದೆ. ಅಮ್ಮ ಅದನ್ನು ಸೊಟ್ಟಗೆರೆಯಲ್ಲಿ ಹೊಡೆದುಹಾಕಿ ‘ಯಾವಾಗಲೂ’ ಎಂಬುದಕ್ಕೆ ಸುತ್ತು ಹಾಕಿದ್ದಾಳೆ. “ಎಜ್ರಾಗೆ ಕಳಿಸು. ಹಬ್ಬದ ನೆಂಟನ ಹಾಗಲ್ಲ, ಎರಡು ತಿಂಗಳಿಗೆ ಬರ್ಲಿ,” ಅನ್ನುತ್ತಿದ್ದಾಳೆ. ಹಾಳೆ ಇದರೊಳಗಿದೆ. ಅವಳು ಹಾಕಿದ ಗುರುತೇ ಸರಿ, ಎಜ್ರಾ. ಬಾ.