ಗೆರ್ಡಾ ಕೇಳಿದ ಮಾಂಸದ ಉಂಡೆ

ಕೆನ್ಮೋರ್, ಅಕ್ಟೋಬರ್ ೧೨

ಪ್ರೀತಿಯ ಅಣ್ಣನಿಗೆ ನಮಸ್ಕಾರ.

ಮಗಳು ಮೈತ್ರಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಫೋಟೋದಲ್ಲಿ ಮಾಂಸ ಕಲಸುತ್ತಿರುವ ಕೈ ನನ್ನದೇ. ಪಕ್ಕದ ಮನೆಯ ಗೆರ್ಡಾ ಜರ್ಮನಿಯವರು, ಎಂಬತ್ತೆರಡು ವರ್ಷ. ನನಗೆ ಆಪರೇಷನ್ ಆದಾಗ ಮೂರು ವಾರ ದಿನವೂ ಬಂದು ತಲೆ ಬಾಚಿದವರು. ಈಗ ಅವರ ಬಲಗೈ ಮುರಿದಿದೆ, ಊಟವೇ ಸೇರುತ್ತಿರಲಿಲ್ಲ. ತಮ್ಮ ತಾಯಿ ಮಾಡುತ್ತಿದ್ದ ಮಾಂಸದ ಉಂಡೆ ತಿನ್ನುವ ಆಸೆ ಎಂದರು.

ಅವರು ಕುರ್ಚಿಯಲ್ಲಿ ಕೂತು ಹೇಳಿದಂತೆ, ನೆನೆಸಿದ ಬ್ರೆಡ್, ಈರುಳ್ಳಿ, ಮೊಟ್ಟೆ ಸೇರಿಸಿ ಕಲಸಿದೆ. ಹುಟ್ಟಿದಾಗಿನಿಂದ ನಾನು ಮಾಂಸ ಮುಟ್ಟಿದ್ದು ಇದೇ ಮೊದಲು. "ಅಮ್ಮಾ, ಗ್ಲವ್ಸ್ ಹಾಕ್ಕೋ" ಅಂದಳು ಮೈತ್ರಿ. "ಬೇಡ ಕಣೇ, ಹದ ಗೊತ್ತಾಗಲ್ಲ" ಅಂದೆ. ಬಾಣಲೆಯಲ್ಲಿ ಕೆಂಪಗೆ ಹುರಿದು ಕೊಟ್ಟೆ. ಉಪ್ಪು ಕಡಿಮೆಯೆಂದು ದೂರುತ್ತಲೇ ಗೆರ್ಡಾ ನಾಲ್ಕು ತಿಂದರು. ನಾನು ತಿನ್ನಲಿಲ್ಲ.

"ಮಾಂಸ ಮುಟ್ಟಿದವಳು, ಪ್ರಾಯಶ್ಚಿತ್ತ ಮಾಡಿಕೊಳ್ಳದೆ ಅಮ್ಮನ ತಿಥಿ ದಿನ ನೀನು ಅಡುಗೆಮನೆಗೆ ಕಾಲಿಡೋದು ಬೇಡ" ಎಂದು ಫೋನಿನಲ್ಲಿ ಹೇಳಿದೆಯಲ್ಲ. ಈಗ ನಾನು ಹೇಳುತ್ತೇನೆ, ಕೇಳು. ಪ್ರಾಯಶ್ಚಿತ್ತ ಮಾಡಿಕೊಳ್ಳುವುದಿಲ್ಲ. ತಪ್ಪಾಯಿತು ಎನ್ನುವುದೂ ಇಲ್ಲ. ಈ ಭಾನುವಾರ ಗೆರ್ಡಾಗೆ ಮತ್ತೆ ಮಾಡಿಕೊಡುತ್ತೇನೆ.

ತಿಥಿಗೆಂದು ಜನವರಿ ಆರಕ್ಕೆ ಬೆಂಗಳೂರಿಗೆ ಬಂದಿಳಿಯುತ್ತೇನೆ. ವಿಮಾನ ನಿಲ್ದಾಣಕ್ಕೆ ಕಾರು ಕಳಿಸು. ಕಳಿಸದಿದ್ದರೂ ಅಮ್ಮನ ಮನೆಯ ದಾರಿ ನನಗೆ ಗೊತ್ತಿದೆ.

ನಿನ್ನ ತಂಗಿ,
ಪದ್ಮಿನಿ