ಮದುವೆಯಲ್ಲಿ ನಿನ್ನ ದನಿ

ಸೀಸಾ,

ಇವತ್ತು ನಿನ್ನ ಅಣ್ಣ ಎವಾರಿಸ್ಟೊನ ಮದುವೆಯಿತ್ತು. ಕುರಿ ಕಾಯುವ ಮೆಲ್ಚೋರ್ ತಾತ ಕೆರೆಯಂಚಿನ ಜೊಂಡು ಕಡಿದು ಹೊಸ ಕೊಳಲು ಮಾಡಿ ತಂದಿದ್ದ. ತುಟಿಗಿಟ್ಟು ಊದಿದರೆ ಅದರಿಂದ ಹೊರಟದ್ದು ನಿನ್ನ ದನಿ, ಮಗಳೇ!

"ಮಂದೆಯಿಂದ ತಪ್ಪಿಸ್ಕೊಂಡ ಬಿಳೀ ಲಾಮಾನ ಹುಡುಕಿ ತಂದೋರಿಗೇ ಗುಡ್ಡದ ಹುಲ್ಲುಗಾವಲು ಅಂದಿದ್ದ ಅಪ್ಪ. ಹುಡುಕಿದೋಳು ನಾನು. ಅಣ್ಣ ನನ್ನ ಕೆರೆಗೆ ನೂಕಿ ಅದನ್ನ ಹೊಡ್ಕೊಂಡು ಹೋದ. ಈ ಜೊಂಡಿನ ಬುಡದಲ್ಲೇ ಇದೀನಿ."

ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು. ಆ ಜನ ಏನು ಮಾಡಿದರು ಗೊತ್ತೇ? ಚಪ್ಪಾಳೆ ತಟ್ಟಿದರು! "ಎಂಥಾ ಪದ ತಾತ! ಇನ್ನೊಂದ್ಸಲ ಊದು, ಕುಣಿಯೋಕೆ ಸ್ವಲ್ಪ ಜೋರಾಗಿರ್ಲಿ" ಎಂದರು. ನಿನ್ನಪ್ಪ ಜೋಳದ ಮದ್ಯ ಹೀರುತ್ತಾ ತಲೆದೂಗಿದ. ಎವಾರಿಸ್ಟೊನ ಮುಖ ಮಾತ್ರ ಬಿಳಿಚಿಕೊಂಡಿತ್ತು.

ನಾನು ಕೊಳಲು ಕಿತ್ತುಕೊಂಡು ಅವನೆದುರು ನಿಂತೆ. "ಉಪ್ಪಿನ ವ್ಯಾಪಾರಿ ಜೊತೆ ಓಡಿಹೋದ್ಲು ಅಂದ್ಯಲ್ಲೋ, ಈಗ ಬೊಗಳು!"

"ಅಮ್ಮಾ, ಜನ ನೋಡ್ತಿದಾರೆ, ಸುಮ್ನಿರು" ಎಂದ.

'ನಾನು ನೂಕಲಿಲ್ಲ' ಎಂಬ ಮಾತು ಅವನ ಬಾಯಿಂದ ಬರಲೇ ಇಲ್ಲ. ಅದನ್ನು ಗಮನಿಸಿದವಳು ಮದುಮಗಳು ಹಸಿಂತಾ ಒಬ್ಬಳೇ. ಹೂಮಾಲೆಯನ್ನು ಅವನ ಕಾಲ ಬಳಿ ಎಸೆದು ತೌರಿಗೆ ನಡೆದುಬಿಟ್ಟಳು. ಆಗಲೂ ಹೆಂಗಸರು ಬೈದದ್ದು ನನ್ನನ್ನೇ: "ಓಡಿಹೋದೋಳಿಗೋಸ್ಕರ ಇರೋ ಮಗನ ಮದುವೆ ಕೆಡಿಸಿದ್ಯಲ್ಲೇ!"

ಓಡಿಹೋದವಳಂತೆ! ಅವರ ನಾಲಗೆ ಸೇದಿಹೋಗಲಿ!

ನಾಳೆ ಬೆಳಗ್ಗೆ ಮೆಲ್ಚೋರ್ ತಾತ ಸನಿಕೆ ಹಿಡಿದು ಕೆರೆಗೆ ಬರುತ್ತಾನೆ. ಅದಕ್ಕೂ ಮೊದಲು ನಾನು ಪಕ್ಕದ ಮನೆಗೆ ಹೋಗಬೇಕು. ನೀನು ಕಾಣೆಯಾದ ವಾರವೇ ನಿನ್ನ ಕೆಂಪು ಕಂಬಳಿಯನ್ನು ಅವರಿಗೆ ಕೊಟ್ಟುಬಿಟ್ಟಿದ್ದೆ. ಅದನ್ನು ಕೇಳಿ ಈಸಿಕೊಂಡು ಬರುತ್ತೇನೆ. ನಿನಗೆ ಹೊದಿಸಲು ಬೇಕು.